ಓದುಗರ ಪ್ರಶ್ನೆ: ಕೇಡು ಬಗೆದವರಿಗೆ ಕರುಣೆ ತೋರಿಸುವುದು ಹೇಗೆ, ಎಲ್ಲಿಯ ತನಕ?

ನೋಯಿಸಿದವರ ಜತೆ ಹೇಗೆ ನಡೆದುಕೊಳ್ಳಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇವೆ. ಉತ್ತರಿಸಿದವರು ಒಬ್ಬ ಆಪ್ತಸಮಾಲೋಚಕರು ಮತ್ತು ಒಬ್ಬ ವಕೀಲರು. ಪತ್ರ ಬರೆದ ಬಹುತೇಕರಿಗೆ ಒಂದೇ ಕೊರಗು: ‘ಒಳಗಿನಿಂದ ಪ್ರೀತಿ ಬರುತ್ತಿಲ್ಲ, ಹಾಗಿರುವಾಗ ಒಳ್ಳೆಯದು ಮಾಡಿದರೆ ಅದು ನಾಟಕವಲ್ಲವೆ?’ ಅಲ್ಲ. ಕೆಲಸ ಮೊದಲು, ಭಾವ ಆಮೇಲೆ. ಭಾವ ಬಾರದೆಯೇ ಹೋದರೂ ಮಾಡಿದ ಕೆಲಸವೇನೂ ಸುಳ್ಳಾಗುವುದಿಲ್ಲ.

ಪ್ರಶ್ನೆ: ಮದುವೆಯಾಗಿ ಹದಿನೆಂಟು ವರ್ಷ. ತವರಿನಿಂದ ತಂದದ್ದು ಕಡಿಮೆಯಾಯಿತೆಂದು ಅತ್ತೆ ಆಡಿಕೊಳ್ಳದ ದಿನವಿಲ್ಲ. ನನ್ನ ಹೆರಿಗೆಯಾದಾಗ ಆಸ್ಪತ್ರೆಗೂ ಬರಲಿಲ್ಲ. ಎರಡು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿವೆ. ಮಾತೂ ನಿಂತಿದೆ. ಎಲ್ಲ ನಾನೇ ಮಾಡುತ್ತಿದ್ದೇನೆ. ಆದರೆ ಮುಟ್ಟುವಾಗ ಕೈ ತಾನಾಗಿ ಒರಟಾಗುತ್ತದೆ, ಆಮೇಲೆ ಅಳು ಬರುತ್ತದೆ. ಅವರು ಒಂದು ಸಲವಾದರೂ ‘ತಪ್ಪಾಯ್ತು’ ಎನ್ನಲಿಲ್ಲ. ಇವರನ್ನು ಪ್ರೀತಿಸುವುದು ಹೇಗೆ?
— ಗೃಹಿಣಿ, ತಿಪಟೂರು

ಉತ್ತರ: ತಾಯಿ, ‘ತಪ್ಪಾಯ್ತು’ ಎಂಬ ಮಾತಿಗೆ ಕಾಯುವುದನ್ನು ಇವತ್ತೇ ಬಿಡಿ. ಹೆಚ್ಚಿನವರಲ್ಲಿ ಮಾತಿನ ಕೇಂದ್ರ ಇರುವುದು ಮೆದುಳಿನ ಎಡಭಾಗದಲ್ಲಿ. ಬಲಭಾಗಕ್ಕೆ ಲಕ್ವ ಹೊಡೆಯಿತೆಂದರೆ ಪೆಟ್ಟು ಬಿದ್ದಿರುವುದು ಆ ಎಡಭಾಗಕ್ಕೆ. ಹೀಗಾಗಿ ಹೇಳಬೇಕೆಂದು ಅವರಿಗೆ ಅನಿಸಿದರೂ ಮಾತು ಬಾಯಿಗೆ ಬಾರದಿರಬಹುದು. ಲಕ್ವದ ನಂತರ ಕಾರಣವಿಲ್ಲದೆ ಅಳುವುದು, ಸಿಡುಕುವುದು, ತಟ್ಟೆ ತಳ್ಳುವುದು ಕೂಡ ಕಾಯಿಲೆಯ ಭಾಗವೇ. ಹಳೆಯ ಅತ್ತೆಯ ಸಿಟ್ಟು ಯಾವುದು, ಕಾಯಿಲೆಯ ಸಿಟ್ಟು ಯಾವುದು ಎಂದು ಬಿಡಿಸುತ್ತ ಕೂರಬೇಡಿ, ಅದು ವೈದ್ಯರಿಗೇ ಕಷ್ಟ.

ಇನ್ನು ಕೈಯ ವಿಷಯ. ಮುಟ್ಟುವ ಮೊದಲು ಬಾಯಲ್ಲಿ ಹೇಳಿ: ‘ಅತ್ತೆ, ಈಗ ಎಡಕ್ಕೆ ಹೊರಳಿಸ್ತೀನಿ.’ ಅವರಿಗೆ ಅರ್ಥವಾದರೂ ಸರಿ, ಆಗದಿದ್ದರೂ ಸರಿ. ಹೇಳಿ ಮುಗಿಸಲು ಬೇಕಾಗುವ ಆ ಎರಡು ಕ್ಷಣದಲ್ಲೇ ನಿಮ್ಮ ಕೈಯ ಬಿರುಸು ಇಳಿಯುತ್ತದೆ. ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಬೇಡಿ. ಸ್ನಾಯು ಸತ್ವ ಕಳೆದುಕೊಂಡ ತೋಳು ಭುಜದ ಕೀಲಿನಿಂದ ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಮೈಕೆಳಗೆ ಒಂದು ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಭುಜದಿಂದ ತೊಡೆಯ ತನಕ ಬರುವಂತೆ ಹಾಸಿ. ಇಬ್ಬರು ಎರಡು ಕಡೆ ಅಂಚು ಹಿಡಿದು ಎತ್ತಿ ಸರಿಸಬಹುದು. ಚರ್ಮ ಹಾಸಿಗೆಗೆ ಉಜ್ಜುವುದಿಲ್ಲ, ನಿಮ್ಮ ಸೊಂಟವೂ ಉಳಿಯುತ್ತದೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸಬೇಡಿ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆಯಾದರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ. ಬಟ್ಟೆ ಬದಲಿಸುವಾಗ ಬೆನ್ನೆಲುಬಿನ ಕೆಳತುದಿ, ಸೊಂಟದ ಎಲುಬು, ಹಿಮ್ಮಡಿ ನೋಡಿ. ಕೆಂಪಗಾದ ಕಡೆ ಬೆರಳೊತ್ತಿ ಬಿಟ್ಟಾಗ ಅದು ಬೆಳ್ಳಗಾಗದೆ ಕೆಂಪಗೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ಅಲ್ಲಿ ತಿಕ್ಕಬಾರದು, ಎಣ್ಣೆ ನೀವಬಾರದು, ಒಳಗಿನ ಅಂಗಾಂಶ ಇನ್ನಷ್ಟು ಹರಿಯುತ್ತದೆ. ರಬ್ಬರ್ ಬಳೆಯಂಥ ಗಾಳಿ ದಿಂಬಿನ ಮೇಲೆ ಕೂರಿಸುವುದೂ ತಪ್ಪು, ಸುತ್ತಲಿನ ರಕ್ತ ಸಂಚಾರ ಕಟ್ಟುತ್ತದೆ. ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಂಡು ವೈದ್ಯರಿಗೆ ತೋರಿಸಿ.

ಊಟ ಕೊಡುವಾಗ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ. ಚಿಕ್ಕ ಚಮಚದಲ್ಲಿ ಎಡಗೆನ್ನೆಯ ಕಡೆಗೆ ಕೊಡಿ. ಒಂದು ತುತ್ತು ನುಂಗಿದ್ದನ್ನು ನೋಡಿಕೊಂಡೇ ಇನ್ನೊಂದು. ಬಲಗೆನ್ನೆಯೊಳಗೆ ಅನ್ನ ಉಳಿದಿದೆಯೇ ಎಂದು ಕಡೆಯಲ್ಲಿ ನೋಡಿ. ನೀರು ಸಲೀಸು, ಗಂಜಿ ಕಷ್ಟ ಎಂದು ಜನ ತಿಳಿದಿರುತ್ತಾರೆ. ಲಕ್ವದವರಲ್ಲಿ ಎಷ್ಟೋ ಸಲ ಉಲ್ಟಾ: ತೆಳು ನೀರು ಶ್ವಾಸನಾಳಕ್ಕೆ ಜಾರಿ ಎದೆ ಸೋಂಕಾಗುತ್ತದೆ, ಮಂದ ಗಂಜಿ ಇಳಿಯುತ್ತದೆ. ಕೆಮ್ಮಿದರೆ, ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ನುಂಗುವಿಕೆ ಪರೀಕ್ಷಿಸುವ ತಜ್ಞರನ್ನು ಕೇಳಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ಪ್ರೀತಿಯ ಬಗ್ಗೆ ಕೇಳಿದರೆ ಗಂಜಿಯ ಬಗ್ಗೆ ಹೇಳುತ್ತಾರಲ್ಲ ಎನ್ನಬೇಡಿ. ಇಷ್ಟನ್ನು ಸರಿಯಾಗಿ ಮಾಡಿದರೆ ಅವರಿಗೆ ಸಲ್ಲಬೇಕಾದ ಕರುಣೆ ಸಂದ ಹಾಗೆಯೇ. ಕ್ಷಮೆಯ ಬಗ್ಗೆ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಎವೆರೆಟ್ ವರ್ದಿಂಗ್ಟನ್ ಅದರಲ್ಲಿ ಎರಡು ಬಗೆ ಕಾಣುತ್ತಾರೆ. ‘ನಾನು ಸೇಡು ತೀರಿಸಿಕೊಳ್ಳುವುದಿಲ್ಲ, ಮನುಷ್ಯರಂತೆ ನಡೆಸಿಕೊಳ್ಳುತ್ತೇನೆ’ ಎಂಬ ತೀರ್ಮಾನ ಒಂದು. ಒಳಗಿನ ಕಹಿ ಕರಗುವುದು ಇನ್ನೊಂದು. ತೀರ್ಮಾನ ಒಂದು ದಿನದಲ್ಲಿ ಆಗಬಹುದು, ಕಹಿ ಕರಗಲು ವರ್ಷಗಳು ಬೇಕಾಗಬಹುದು. ನೀವು ಮೊದಲನೆಯದನ್ನು ಆಗಲೇ ಮಾಡಿದ್ದೀರಿ, ಎರಡನೆಯದು ಆಗಲಿಲ್ಲವೆಂದು ನಿಮ್ಮನ್ನೇ ಬೈದುಕೊಳ್ಳುತ್ತಿದ್ದೀರಿ.

ಇಂಥ ಮನೆಗಳಲ್ಲಿ ಸಿಟ್ಟು ನೆತ್ತಿಗೇರುವ ಹೊತ್ತುಗಳು ಸಾಮಾನ್ಯವಾಗಿ ಮೂರು: ಬಾಯಿಗಿಟ್ಟ ಅನ್ನ ಉಗಿದಾಗ, ನಡುರಾತ್ರಿ ಎಬ್ಬಿಸಿದಾಗ, ನೋಡಲು ಬಂದ ನೆಂಟರು ‘ಮಗಳು ಬಂದ್ಲಾ?’ ಎಂದು ಕೇಳಿ ನಿಮ್ಮನ್ನು ಮರೆತಾಗ. ಮೊದಲನೆಯದಕ್ಕೆ, ಬಾಯಲ್ಲಿ ತುತ್ತಿಲ್ಲವೆಂದು ಖಚಿತ ಮಾಡಿಕೊಂಡು, ದಿಂಬು ಆನಿಸಿ, ಎರಡು ನಿಮಿಷ ಹಿತ್ತಲಿಗೆ ಹೋಗಿ ಬನ್ನಿ. ರಾತ್ರಿ ಪಾಳಿ ಗಂಡನದಾಗಲಿ. ನೆಂಟರ ಮಾತಿಗೆ ಮದ್ದಿಲ್ಲ.

ಒಂದು ಮಾತು ನಿಮ್ಮ ಮನೆಯವರಿಗೂ ಗೊತ್ತಿರಲಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯಲ್ಲಿ ‘ಮಕ್ಕಳು’ ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರು ಅಲ್ಲಿಲ್ಲ. ಹೊಣೆ ನಿಮ್ಮ ಯಜಮಾನರದು, ನಾದಿನಿಯರದೂ ಹೌದು. ನೀವು ಮಾಡುತ್ತಿರುವುದು ಕೊಡುಗೆ. ವಾರಕ್ಕೆ ಒಂದು ಪೂರ್ತಿ ದಿನ ನಾದಿನಿ ಬರಲಿ, ಅಥವಾ ಆ ದಿನಕ್ಕೆ ಆಯಾ ಇಡುವ ಹಣ ಕೊಡಲಿ ಎಂದು ಕೇಳಿ. ಕೇಳುವ ಮಾತು ಗಂಡನ ಬಾಯಿಂದ ಬರಬೇಕು, ನಿಮ್ಮ ಬಾಯಿಂದಲ್ಲ. ರಾತ್ರಿ ನಿದ್ದೆ ಕೆಟ್ಟು, ಹೊಡೆದುಬಿಡುತ್ತೇನೋ ಎಂಬ ಭಯ ಬಂದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣವಿಲ್ಲ.

ಪ್ರಶ್ನೆ: ಅಪ್ಪ ತೀರಿದ ಮ್ಯಾಲ ಅಣ್ಣ ಬ್ಯಾಂಕ್ ಸಾಲಕ್ಕಂತ ಹೇಳಿ ನನ್ನ ಸಹಿ ಹಾಕಿಸಿಕೊಂಡ. ಅದು ಹಕ್ಕು ಬಿಟ್ಟುಕೊಟ್ಟ ಕಾಗದ ಅಂತ ಪಹಣಿ ತೆಗಿಸಿದಾಗ ಗೊತ್ತಾತು. ಎಂಟು ಎಕರೆದಾಗ ನನ್ನ ಹೆಸರಿಲ್ಲ. ಕೇಸ್ ಹಾಕೇನಿ. ಈಗ ಅಣ್ಣನ ಮಗಳ ಲಗ್ನ. ಆ ಹುಡುಗಿ ನನ್ನ ತೊಡಿ ಮ್ಯಾಲ ಬೆಳದಾಕಿ. ಹೋಗಬೇಕು ಅನಸ್ತದ. ಹೋದ್ರ ಕೇಸ್ ಬಿದ್ದು ಹೋಗ್ತದ ಅಂತ ಮಂದಿ ಹೇಳ್ತಾರ. ಏನ್ ಮಾಡ್ಲಿ?
— ರೈತ, ಗದಗ ಜಿಲ್ಲೆ

ಉತ್ತರ: ಹೋಗಿ ಬನ್ನಿ ಸರ್. ಅಕ್ಷತೆ ಹಾಕಿದ್ದಕ್ಕೆ, ಉಂಡು ಬಂದಿದ್ದಕ್ಕೆ, ಮುಯ್ಯಿ ಕೊಟ್ಟಿದ್ದಕ್ಕೆ ಯಾವ ದಾವೆಯೂ ಬೀಳುವುದಿಲ್ಲ. ಬೀಳುವುದು ಮಾತಿನಿಂದ, ಸಹಿಯಿಂದ. ಮದುವೆ ಮನೆಯಲ್ಲಿ ಹಿರಿಯರು ಮೂಲೆಗೆ ಕರೆದು ‘ಆದದ್ದು ಆತು, ಹೊಲ ಅಣ್ಣಗ ಇರಲಿ ಅಂದುಬಿಡು’ ಎನ್ನುತ್ತಾರೆ. ನೀವು ಕರಗಿ ಹೂಂ ಅಂದರೆ, ಬಾಯಿಮಾತಿನಲ್ಲೇ ಕುಟುಂಬದ ಒಪ್ಪಂದವಾಗಿತ್ತು ಎಂದು ಎದುರು ವಕೀಲರು ನಾಳೆ ವಾದಿಸಬಹುದು. ವಾಟ್ಸ್ಆ್ಯಪ್‌ನಲ್ಲಿ ‘ನನಗೇನೂ ಬೇಡ ಅಣ್ಣಾ’ ಎಂದು ಬರೆದರೆ ಅದೂ ಸಾಕ್ಷಿಯಾಗಿ ಬರುತ್ತದೆ. ಹೀಗಾಗಿ ಮೊದಲೇ ಒಂದು ಮಾತು ಕಲಿತುಕೊಂಡು ಹೋಗಿ: ‘ಅಣ್ಣಾ, ಮಗಳ ಲಗ್ನಕ್ಕ ಬಂದೇನಿ. ಹೊಲದ ಮಾತು ಇವತ್ತು ಬ್ಯಾಡ.’ ಯಾರು ಕೇಳಿದರೂ ಇದೇ. ಉಡುಗೊರೆಯನ್ನು ಹುಡುಗಿಯ ಕೈಗೇ ಕೊಡಿ. ಯಾವ ಕಾಗದಕ್ಕೂ ಸಹಿ ಬೇಡ, ಅಡುಗೆಯವನ ಲೆಕ್ಕದ ಚೀಟಿಗೂ ಬೇಡ.

ಇದೇ ಗತಿಯಲ್ಲಿರುವ ಬೇರೆ ಓದುಗರಿಗೆ: ಮೋಸದಿಂದ ಬರೆಸಿಕೊಂಡ ಪತ್ರವನ್ನು ರದ್ದು ಮಾಡಿಸಲು, ಮೋಸ ಗೊತ್ತಾದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ‘ಅಣ್ಣ ತಾನೇ, ಮನಸ್ಸು ಬದಲಾಗಬಹುದು’ ಎಂದು ಕರುಣೆಯಿಂದ ಕಾಯುತ್ತ ಕೂತವರು ಈ ಅವಧಿ ಕಳೆದುಕೊಂಡು, ಆಮೇಲೆ ಜೀವಮಾನವಿಡೀ ದ್ವೇಷ ಸಾಧಿಸುವುದುಂಟು. ದಾವೆ ಹಾಕಿ ಪ್ರೀತಿಯಿಂದಿರುವುದು ಅದಕ್ಕಿಂತ ಸುಲಭ. ಉಪನೋಂದಣಿ ಕಚೇರಿಯಿಂದ ಆ ಪತ್ರದ ದೃಢೀಕೃತ ನಕಲು ಮತ್ತು ಋಣಭಾರ ಪತ್ರ ತೆಗೆಸಿಡಿ. ಪಹಣಿಯಲ್ಲಿ ಹೆಸರು ಹೋದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ, ಹೆದರಬೇಡಿ.

ಮದುವೆ ಮುಗಿದು ಒಂದೆರಡು ತಿಂಗಳಾದ ಮೇಲೆ ಮಧ್ಯಸ್ಥಿಕೆಗೆ ಕಳಿಸಿ ಎಂದು ನಿಮ್ಮ ವಕೀಲರ ಮೂಲಕ ನ್ಯಾಯಾಲಯವನ್ನು ಕೇಳಿ. ಆ ಕೋಣೆಯಲ್ಲಿ ಆಡಿದ ಮಾತನ್ನು ಮುಂದೆ ಸಾಕ್ಷಿಯಾಗಿ ಬಳಸುವಂತಿಲ್ಲ. ಅಣ್ಣತಮ್ಮಂದಿರು ಮನಸ್ಸು ಬಿಚ್ಚಲು ಮದುವೆ ಚಪ್ಪರಕ್ಕಿಂತ ಅದು ಸುರಕ್ಷಿತ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ಆ ತೀರ್ಪಿನ ಮೇಲೆ ಮೇಲ್ಮನವಿಯೂ ಇಲ್ಲ. ಉದಾರಿಯಾಗಿ ಒಂದೆರಡು ಎಕರೆ ಬಿಟ್ಟುಕೊಡಬೇಕು ಅನ್ನಿಸಿದರೆ ಅಲ್ಲಿ ಬಿಡಿ. ನಾಲ್ಕು ಎಕರೆ ನಿನ್ನದು ಎಂದು ಅಣ್ಣ ಒಪ್ಪಿದ ಮೇಲೆ ಅದರಲ್ಲಿ ಒಂದನ್ನು ನೀವಾಗಿ ಕೊಟ್ಟರೆ ಅದು ದಾನ. ಒಪ್ಪುವ ಮೊದಲೇ ಕೊಟ್ಟರೆ ಮೋಸಕ್ಕೆ ನೀವೇ ಹಾಕಿದ ಎರಡನೇ ಸಹಿ.

ಪ್ರಶ್ನೆ: ನಾನು ಹಗಲುರಾತ್ರಿ ಕೂತು ಮಾಡಿದ ಕೆಲಸವನ್ನು ತನ್ನದೆಂದು ತೋರಿಸಿ ಸಹೋದ್ಯೋಗಿ ಬಡ್ತಿ ಪಡೆದ. ಹತ್ತು ದಿನದ ವಿಪಶ್ಯನ ಶಿಬಿರಕ್ಕೂ ಹೋಗಿ ಬಂದೆ. ಕೊನೆಯಲ್ಲಿ ಕಲಿಸಿದ ಮೈತ್ರಿ ಧ್ಯಾನವನ್ನು ಮನೆಯಲ್ಲಿ ಮಾಡಲು ಕೂತು ಅವನಿಗೆ ಒಳ್ಳೆಯದಾಗಲಿ ಅಂದುಕೊಂಡರೆ ಅವನ ಮುಖ ಕಣ್ಮುಂದೆ ಬಂದು ರಕ್ತ ಕುದಿಯುತ್ತದೆ. ನನ್ನಲ್ಲೇ ಏನೋ ದೋಷವೆ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ದೋಷ ನಿಮ್ಮಲ್ಲಿಲ್ಲ, ಕ್ರಮದಲ್ಲಿದೆ. ಐದನೇ ಶತಮಾನದಲ್ಲಿ ಶ್ರೀಲಂಕೆಯ ಅನುರಾಧಪುರದಲ್ಲಿದ್ದ ಬೌದ್ಧ ಭಿಕ್ಷು ಬುದ್ಧಘೋಷ ಮೈತ್ರಿ ಭಾವನೆಯನ್ನು ಹಂತಹಂತವಾಗಿ ಬರೆದಿಟ್ಟಿದ್ದಾರೆ. ಅವರ ಮೊದಲ ಎಚ್ಚರಿಕೆಯೇ ಇದು: ವೈರಿಯಿಂದ ಶುರು ಮಾಡಬೇಡಿ. ಅಷ್ಟೇ ಅಲ್ಲ, ಅತಿ ಪ್ರಿಯರಿಂದಲೂ ಬೇಡ (ಅವರಿಗೆ ಸ್ವಲ್ಪ ನೋವಾದರೂ ನಿಮಗೆ ಅಳು ಬರುತ್ತದೆ), ತೀರಿಹೋದವರಿಂದಲೂ ಬೇಡ. ಮೊದಲು ತನಗೆ, ಆಮೇಲೆ ಗೌರವ ಹುಟ್ಟಿಸುವ ಒಬ್ಬ ಗುರುವಿಗೆ, ಆಮೇಲೆ ಆಪ್ತರಿಗೆ, ಆಮೇಲೆ ಬೇಕು ಬೇಡ ಎರಡೂ ಇಲ್ಲದವರಿಗೆ. ಕಡೆಗೆ ವೈರಿಗೆ.

ದಿನಕ್ಕೆ 20 ನಿಮಿಷ ಸಾಕು. ‘ಸುಖವಾಗಿರಲಿ, ವೈರವಿಲ್ಲದಿರಲಿ, ಕಳವಳವಿಲ್ಲದಿರಲಿ’, ಇಷ್ಟೇ ಮಾತು. ಮೊದಲ ವಾರ ಪೂರ್ತಿ ನಿಮಗೇ ಹೇಳಿಕೊಳ್ಳಿ. ಬೇಕು ಬೇಡ ಇಲ್ಲದವರೆಂದರೆ ದಿನಾ ಗೇಟಿನಲ್ಲಿ ಕಾಣುವ ಕಾವಲುಗಾರ ಇರಬಹುದು, ಹಾಲಿನವನಿರಬಹುದು. ಜನ ಈ ಹಂತವನ್ನು ಹಾರಿಸಿಬಿಡುತ್ತಾರೆ, ಆದರೆ ಇದೇ ಮೆಟ್ಟಿಲು: ಸಂಬಂಧವಿಲ್ಲದವನಿಗೂ ಒಳ್ಳೆಯದನ್ನು ಬಯಸಲು ಮನಸ್ಸು ಕಲಿಯುವುದು ಇಲ್ಲಿ. ಅದು ಸಲೀಸಾದ ಮೇಲೆ ಮೊದಲ ವೈರಿಯಾಗಿ ಸಣ್ಣವನನ್ನು ಆರಿಸಿ, ಪಾರ್ಕಿಂಗ್ ಜಾಗ ಕಸಿದವನಂಥವನನ್ನು. ಸಹೋದ್ಯೋಗಿ ಆಮೇಲೆ ಬರಲಿ. ರಕ್ತ ಕುದಿಯಿತೋ, ಹಲ್ಲು ಕಚ್ಚಿಕೊಂಡು ಕೂರದೆ ಹಿಂದಿನ ಹಂತಕ್ಕೆ ಹೋಗಿ ಮನಸ್ಸು ತಿಳಿಯಾದ ಮೇಲೆ ಮತ್ತೆ ಬನ್ನಿ.

ಅದಕ್ಕೂ ಬಗ್ಗದ ಸಿಟ್ಟಿಗೆ ಬುದ್ಧಘೋಷರಲ್ಲಿ ಉಪಾಯಗಳ ಸರಮಾಲೆಯೇ ಇದೆ. ಅವನಲ್ಲಿರುವ ಒಂದೇ ಒಂದು ಒಳ್ಳೆಯ ಗುಣವನ್ನು ಹುಡುಕಿ ಅದನ್ನೇ ನೆನೆಯುವುದು. ಅವನನ್ನು ಬಿಡಿ ಭಾಗಗಳಾಗಿ ನೋಡುವುದು: ನಿನ್ನ ಸಿಟ್ಟು ಅವನ ತಲೆಗೂದಲ ಮೇಲೋ, ಉಗುರಿನ ಮೇಲೋ, ಹಲ್ಲಿನ ಮೇಲೋ? ಕೇಳಿದರೆ ನಗು ಬರುತ್ತದೆ, ಬರಲಿ ಎಂದೇ ಇರಬೇಕು. ಎಲ್ಲ ಮುಗಿದ ಮೇಲಿನ ಕೊನೆಯ ಉಪಾಯ, ಅವನಿಗೆ ಏನಾದರೂ ಕೊಡುವುದು. ಕಚೇರಿಯಲ್ಲಿ ಇದು ಚಿಕ್ಕದಿರಲಿ: ಅವನು ಸಿಕ್ಕಿಹಾಕಿಕೊಂಡ ಒಂದು ತೊಡಕನ್ನು ಬಿಡಿಸಿ ಕೊಡಿ. ಕೊಟ್ಟು ಧನ್ಯವಾದಕ್ಕೆ ಕಾದರೆ ಕೆಟ್ಟಿತು, ಅದು ಬಾರದೆ ಹೋದಾಗ ಹೊಸದೊಂದು ಸಿಟ್ಟು ಹುಟ್ಟುತ್ತದೆ.

ಬುದ್ಧಘೋಷರ ಒಂದು ಪರೀಕ್ಷೆ ನಿಮ್ಮಂಥವರು ಓದಲೇಬೇಕಾದದ್ದು. ನೀವು, ನಿಮ್ಮ ಆಪ್ತ, ಬೇಕು ಬೇಡ ಇಲ್ಲದವನು, ವೈರಿ, ನಾಲ್ವರೂ ಕೂತಿದ್ದೀರಿ. ಕಳ್ಳರು ಬಂದು ಬಲಿಕೊಡಲು ಒಬ್ಬನನ್ನು ಕೊಡು ಎನ್ನುತ್ತಾರೆ. ವೈರಿಯನ್ನು ತೋರಿಸಿದರೆ ಮೈತ್ರಿ ಪೂರ್ಣವಾಗಿಲ್ಲ, ಸರಿ. ಆದರೆ ‘ನನ್ನನ್ನೇ ಒಯ್ಯಿರಿ’ ಎಂದರೂ ಪೂರ್ಣವಾಗಿಲ್ಲ ಎನ್ನುತ್ತಾರೆ ಅವರು. ಯಾಕೆಂದರೆ ಆಗ ನೀವು ನಿಮ್ಮ ಕೇಡನ್ನು ಬಯಸಿದಿರಿ. ಆದ್ದರಿಂದ ಮೈತ್ರಿ ಮಾಡುತ್ತಲೇ ಇನ್ನು ಮುಂದೆ ನಿಮ್ಮ ಕೆಲಸವನ್ನು ದಿನಾಂಕ ಸಮೇತ ಮೇಲ್‌ನಲ್ಲಿ ಮ್ಯಾನೇಜರಿಗೆ ಕಳಿಸುತ್ತಿರಿ.

ಪ್ರಶ್ನೆ: ಗಂಡ ಕುಡಿದು ಬಂದು ಹೊಡೆಯುತ್ತಾರೆ. ಬೆಳಿಗ್ಗೆ ಕಾಲು ಹಿಡಿದು ಅಳುತ್ತಾರೆ. ‘ಹೆಣ್ಣು ಕ್ಷಮಯಾ ಧರಿತ್ರಿ, ಪ್ರೀತಿಯಿಂದ ಗೆಲ್ಲು’ ಎನ್ನುತ್ತಾರೆ ತವರಿನವರು. ಇನ್ನೆಷ್ಟು ಸಲ?
— ಹೆಸರು ಬೇಡ, ಹಾಸನ

ಉತ್ತರ: ಒಂದು ಸಲವೂ ಬೇಡ ತಂಗಿ, ಅದೇ ಸೂರಿನ ಕೆಳಗಿದ್ದುಕೊಂಡು ಬೇಡ. ಮೊದಲು ಮೈ ಉಳಿಯಲಿ. ಹೊಡೆತ ಬೀಳುವಾಗ 112. ಸಲಹೆಗೆ, ಆಸರೆಗೆ ಮಹಿಳಾ ಸಹಾಯವಾಣಿ 181, ಮತ್ತು ಜಿಲ್ಲೆಯ ಸಖಿ ಕೇಂದ್ರ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರಕ್ಷಣೆಯ ಆದೇಶವಷ್ಟೇ ಅಲ್ಲ, ಅದೇ ಮನೆಯಲ್ಲಿ ವಾಸಿಸುವ ಹಕ್ಕು, ಖರ್ಚಿಗೆ ಹಣ ಎಲ್ಲ ಕೇಳಬಹುದು. ಅರ್ಜಿ ಬರೆಯಲು ರಕ್ಷಣಾಧಿಕಾರಿ ನೆರವಾಗಬೇಕು, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾ ಕಚೇರಿಯಲ್ಲಿ ವಿಚಾರಿಸಿ. ಹೆಂಗಸರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ: 15100. ಗಾಯದ ಫೋಟೊ, ಆಸ್ಪತ್ರೆ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕ ತವರಿನಲ್ಲೋ ಗೆಳತಿಯ ಮನೆಯಲ್ಲೋ ಇಡಿ.

ಅವರ ಮೇಲೆ ಕರುಣೆ ಇದ್ದರೆ ಅದನ್ನು ದೂರದಿಂದಲೇ ತೋರಿಸಬಹುದು. ವರ್ಷಗಟ್ಟಲೆ ದಿನಾ ಕುಡಿದವರು ‘ಇವತ್ತಿನಿಂದ ಬಿಟ್ಟೆ’ ಎಂದು ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್, ಬಡಬಡಿಕೆ ಬಂದು ಜೀವಕ್ಕೇ ಅಪಾಯವಾಗಬಹುದು. ಆಣೆ ಮಾಡಿಸಬೇಡಿ. ಮೈದುನನಿಗೋ ಮಾವನಿಗೋ ಹೇಳಿ ಆಸ್ಪತ್ರೆಗೆ ಸೇರಿಸಿ ಬಿಡಿಸುವ ಏರ್ಪಾಡು ಮಾಡಿ.

ಪ್ರಶ್ನೆ: ಬೈಕಿನಲ್ಲಿ ಹೋಗುತ್ತಿದ್ದ ಮಗನಿಗೆ ಕಾರು ಗುದ್ದಿ ಅವನು ಉಳಿಯಲಿಲ್ಲ. ಓಡಿಸುತ್ತಿದ್ದ ಹುಡುಗನೂ ಅವನದೇ ವಯಸ್ಸಿನವನು. ಅವನ ತಾಯಿ ಬಾಗಿಲಿಗೆ ಬಂದು ಅತ್ತು ಹೋದರು. ನಾನೂ ನನ್ನ ಹೆಂಡತಿಯೂ ಕ್ಷಮಿಸಬೇಕೆಂದಿದ್ದೇವೆ. ಕ್ಷಮಿಸಿದರೆ ಕೇಸು ವಾಪಸು ತೆಗೆದುಕೊಳ್ಳಬೇಕೆ? ಪರಿಹಾರ ಕೇಳುವುದು ತಪ್ಪಾಗುತ್ತದೆಯೆ?
— ನಿವೃತ್ತ ಶಿಕ್ಷಕ, ಮಂಗಳೂರು

ಉತ್ತರ: ಮಾಸ್ತರೇ, ಕೇಸು ವಾಪಸು ತೆಗೆಯುವುದು ನಿಮ್ಮ ಕೈಯಲ್ಲಿಲ್ಲ, ಹಾಗಾಗಿ ಆ ಭಾರವೂ ನಿಮ್ಮದಲ್ಲ. ಯಾವ ಅಪರಾಧಗಳಲ್ಲಿ ರಾಜಿಯಾಗಬಹುದು ಎಂಬ ಪಟ್ಟಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮಿನಲ್ಲಿದೆ. ನಿರ್ಲಕ್ಷ್ಯದಿಂದ ಸಾವು ತಂದದ್ದು ಅದರಲ್ಲಿ ಸೇರಿಲ್ಲ. ಅದನ್ನು ನಡೆಸುವುದು ಸರಕಾರ. ನೀವು ಸಾಕ್ಷಿ ಮಾತ್ರ, ಕರೆದಾಗ ಕಂಡದ್ದನ್ನು ಕಂಡ ಹಾಗೆ ಹೇಳಿದರಾಯಿತು. ಹುಡುಗನ ಮೇಲಿನ ಕನಿಕರಕ್ಕೆ ಹೇಳಿಕೆ ತಿರುಚಬೇಡಿ.

ಗ್ಲಾಡಿಸ್ ಸ್ಟೇನ್ಸ್ ನಿಮಗೆ ನೆನಪಿರಬಹುದು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ ಗ್ರಹಾಂ ಮತ್ತು ಇಬ್ಬರು ಎಳೆ ಗಂಡುಮಕ್ಕಳನ್ನು ವಾಹನದಲ್ಲಿ ಮಲಗಿದ್ದಾಗಲೇ ಸುಟ್ಟರು. ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಅವರು ಬಹಿರಂಗವಾಗಿ ಹೇಳಿದರು. ಮೊಕದ್ದಮೆ ಮಾತ್ರ ತನ್ನ ಪಾಡಿಗೆ ನಡೆಯಿತು, ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಅವರ ಕ್ಷಮೆ ಕಂಡದ್ದು ಬೇರೆ ಕಡೆ: ಅದಾದ ಮೇಲೂ ಅವರು ಬಾರಿಪದದ ಕುಷ್ಠರೋಗಿಗಳ ಆಶ್ರಮದ ಕೆಲಸ ಬಿಡದೆ ವರ್ಷಗಟ್ಟಲೆ ಅಲ್ಲೇ ಉಳಿದರು. ಕ್ಷಮಿಸಿದ್ದು ಅವರು, ಶಿಕ್ಷೆ ಕೊಟ್ಟದ್ದು ನ್ಯಾಯಾಲಯ.

ಪರಿಹಾರ ಕೇಳುವುದು ತಪ್ಪಲ್ಲ. ಕಾರಿಗೆ ವಿಮೆ ಇದ್ದು, ಹುಡುಗನಿಗೆ ಲೈಸೆನ್ಸ್ ಇದ್ದರೆ ಸಾಮಾನ್ಯವಾಗಿ ಹಣ ಕಟ್ಟುವುದು ವಿಮಾ ಕಂಪನಿ, ಆ ತಾಯಿಯ ಕೈಯಿಂದ ಏನೂ ಹೋಗುವುದಿಲ್ಲ. ಇದು ಆಕೆಗೂ ಗೊತ್ತಿರುವುದಿಲ್ಲ, ಹೇಳಿ, ಅರ್ಧ ಭಯ ಇಳಿಯುತ್ತದೆ. ಮೋಟಾರು ವಾಹನ ಕಾಯ್ದೆ ಪ್ರಕಾರ ಅಪಘಾತದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ಶೋಕದಲ್ಲಿ ದಿನ ಕಳೆದುಹೋಗುತ್ತದೆ, ವರ್ಷಾಬ್ದಿಕ ಮುಗಿಯಲಿ ಎಂದು ಕಾಯಬೇಡಿ.

ಆ ತಾಯಿಯನ್ನು ಇನ್ನೊಮ್ಮೆ ಭೇಟಿಯಾಗುವುದಾದರೆ ನಿಮ್ಮ ಮನೆಯೂ ಬೇಡ, ಅವರ ಮನೆಯೂ ಬೇಡ. ಇಬ್ಬರಿಗೂ ಪರಿಚಯವಿರುವ ಒಬ್ಬರ ಮನೆಯಲ್ಲಿ ಒಂದು ಗಂಟೆ ಸಾಕು. ನಿಮ್ಮ ಮನೆಯವರು ಬರಲು ಒಪ್ಪದಿದ್ದರೆ ಬಲವಂತ ಬೇಡ. ದಂಪತಿಯಲ್ಲಿ ಒಬ್ಬರ ಮನಸ್ಸು ಬೇಗ ಹದಕ್ಕೆ ಬರುತ್ತದೆ, ಇನ್ನೊಬ್ಬರದು ನಿಧಾನ, ಆ ಅಂತರಕ್ಕೇ ಮನೆಯೊಳಗೆ ಹೊಸ ಜಗಳ ಹುಟ್ಟುತ್ತದೆ. ಮಗನ ಬಗ್ಗೆ ಹೇಳಬೇಕೆನಿಸಿದರೆ ಹೇಳಿ, ಅವನ ಫೋಟೊ ತೋರಿಸಿ. ಏನಾಯಿತೆಂದು ಅವರಿಗೂ ತಿಳಿಯಬೇಕು. ‘ಪರವಾಗಿಲ್ಲ ಬಿಡಿ’ ಎನ್ನಬೇಡಿ, ಅದು ಸುಳ್ಳು.

ಕ್ಷಮಿಸಿದ್ದನ್ನು ಬರೆದು ಕೊಡುವ ಮನಸ್ಸಿದ್ದರೆ ಅರ್ಧ ಪುಟ ಸಾಕು: ಹುಡುಗನ ಮೇಲೆ ನಮಗೆ ದ್ವೇಷವಿಲ್ಲ, ಅವನ ಬದುಕು ಹಾಳಾಗುವುದು ನಮಗೆ ಬೇಡ, ಅಷ್ಟೇ. ಶಿಕ್ಷೆಯ ಪ್ರಮಾಣ ನಿಗದಿಯಾಗುವಾಗ ಅವನ ವಕೀಲರು ಅದನ್ನು ನ್ಯಾಯಾಧೀಶರ ಮುಂದಿಡಬಹುದು. ತಪ್ಪು ಯಾರದು, ಮಗ ಹೇಗೆ ಓಡಿಸುತ್ತಿದ್ದ ಎಂಬುದರ ಬಗ್ಗೆ ಒಂದು ಅಕ್ಷರವೂ ಅದರಲ್ಲಿರಬಾರದು. ‘ನಮ್ಮ ಮಗನೂ ವೇಗದಲ್ಲಿದ್ದ’ ಎಂಬ ಒಂದೇ ಸಾಲು ಸಿಕ್ಕರೆ ಪರಿಹಾರ ತಗ್ಗಿಸಲು ವಿಮಾ ಕಂಪನಿ ಅದನ್ನೇ ಹಿಡಿಯುತ್ತದೆ. ಅವರು ಬರೆದು ತಂದ ಕಾಗದಕ್ಕೆ ಸಹಿ ಬೇಡ, ನಿಮ್ಮ ಕೈಬರಹದಲ್ಲೇ ಇರಲಿ. ಕೊಡುವ ಮುನ್ನ ನಿಮ್ಮ ವಕೀಲರಿಗೆ ತೋರಿಸಿ, ಒಂದು ಪ್ರತಿ ಇಟ್ಟುಕೊಳ್ಳಿ, ಸಹಿಯ ಮೇಲೆ ಖಾಲಿ ಉಳಿದ ಜಾಗಕ್ಕೆ ಅಡ್ಡಗೆರೆ ಎಳೆಯಿರಿ.